ಕೊಲಾಬಾ ವೇಧಶಾಲೆಯ ದಾಖಲೆಯೂ 1859ರ ಸೌರಕ್ಷೋಭೆಯೂ

ಆಕರಗಳೆಂದೊಡನೆ ನಮಗೆ ಶಾಸನ, ಬಖೈರು, ಸರಕಾರಿ ಕಡತಗಳು ನೆನಪಾಗುತ್ತವೆ. ವೇಧಶಾಲೆಗಳ ಅಂಕಿಪುಸ್ತಕಗಳನ್ನು ವಿಜ್ಞಾನಿಗಳ ಪಾಲಿಗೆ ಬಿಟ್ಟಿದ್ದೇವೆ. ಈ ಉಪೇಕ್ಷೆ ಯುಕ್ತವಲ್ಲವೆಂಬುದಕ್ಕೆ ಮುಂಬಯಿಯ ಕೊಲಾಬಾ ವೇಧಶಾಲೆಯ ದಾಖಲೆಯೊಂದು ಸಾಕ್ಷಿಯಾಗಿದೆ.

1859ರ ಸೆಪ್ಟೆಂಬರ್ 1ರ ಪೂರ್ವಾಹ್ನ ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರವನ್ನು ಬರೆದುಕೊಳ್ಳುತ್ತಿದ್ದನು. ಕಲೆಗಳ ಒಂದು ಗುಂಪಿನ ಮೇಲೆ ಪ್ರಖರವಾದ ಬೆಳಕು ಮೂಡಿ, ಸುಮಾರು ಐದು ನಿಮಿಷಗಳಲ್ಲಿ ಅಡಗಿತು. ಹಾಡ್ಜ್‌ಸನ್ ಎಂಬಾತನೂ ಬೇರೆಡೆಯಿಂದ ಅದನ್ನೇ ಕಂಡನು. ಸೂರ್ಯನಿಂದ ಸಿಡಿದ ವಿದ್ಯುತ್ಕಣಗಳ ಮೋಡ ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯನ್ನು ತಾಕಿತು. ಸಾಮಾನ್ಯವಾಗಿ ಧ್ರುವಗಳ ಸಮೀಪದಲ್ಲಷ್ಟೇ ಕಾಣುವ ಧ್ರುವಪ್ರಭೆ ಕ್ಯೂಬಾದಲ್ಲಿಯೂ ಗೋಚರಿಸಿತು. ಅಮೆರಿಕದ ಬಾಸ್ಟನ್, ಪೋರ್ಟ್‌ಲೆಂಡ್ ನಗರಗಳ ತಂತಿ ಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿದ ವಿದ್ಯುತ್ತಿನಿಂದಲೇ ಸುದ್ದಿಗಳನ್ನು ಕಳುಹಿಸಿದರು. ಎರಡು ಘಟನೆಗಳೂ ಒತ್ತಟ್ಟಿಗೆ ಬಂದುದನ್ನು ಕ್ಯಾರಿಂಗ್ಟನ್ ಗುರುತಿಸಿದರೂ ಒಂದು ಇನ್ನೊಂದಕ್ಕೆ ಕಾರಣವೆನ್ನಲು ಅವಸರಪಡಲಿಲ್ಲ. 1892ರಲ್ಲಿ ಲಾರ್ಡ್ ಕೆಲ್ವಿನ್ನನು ರಾಯಲ್ ಸೊಸೈಟಿಯ ಅಧ್ಯಕ್ಷಪೀಠದಿಂದಲೇ ಅಂಥ ಸಂಬಂಧವನ್ನು ಅಲ್ಲಗಳೆದನು. ದೊಡ್ಡವರ ಮಾತು ಎಷ್ಟು ಕಾಲ ದಾರಿಗಡ್ಡವಾಗಬಲ್ಲುದೆಂಬುದಕ್ಕೆ ಇದೂ ಒಂದು ನಿದರ್ಶನ.

ಲಂಡನ್ನಿನ ಬಳಿಯ ಕ್ಯೂ ವೇಧಶಾಲೆಯಲ್ಲಿ ಕಾಂತಕ್ಷೇತ್ರದ ಏರಿಳಿತಗಳನ್ನು ಛಾಯಾಗ್ರಹಣದಿಂದ ದಾಖಲಿಸುವ ಯಂತ್ರವಿತ್ತು. ಆದರೆ ಬೆಳಕಿನ ಗೆರೆ ಕಾಗದದ ಅಂಚನ್ನೇ ಮೀರಿದ್ದರಿಂದ ಕ್ಷೋಭೆಯ ಪೂರ್ಣಪ್ರಮಾಣ ಅದರಲ್ಲಿ ಉಳಿಯಲಿಲ್ಲ. ಕೊಲಾಬಾದಲ್ಲಿಯಾದರೋ 1841ರಿಂದ ಕಾಂತಮಾಪನ ನಡೆದುಬಂದಿತ್ತು. ಅಲ್ಲಿ ಮನುಷ್ಯರೇ ಗಂಟೆಗೊಮ್ಮೆ, ಕ್ಷೋಭೆಯ ವೇಳೆಯಲ್ಲಿ ಕಾಲುಗಂಟೆಗೊಮ್ಮೆ ಅಥವಾ ಇನ್ನೂ ಬೇಗಬೇಗನೆ, ಕಣ್ಣಿಟ್ಟು ಅಳತೆಯನ್ನು ಓದಿ ಬರೆದಿಡುತ್ತಿದ್ದರು. ಸೆಪ್ಟೆಂಬರ್ 2ರ ಹಗಲು ಕಾಂತಕ್ಷೇತ್ರದ ಸಮತಲಾಂಶ ಸುಮಾರು 1600 ನ್ಯಾನೊಟೆಸ್ಲಾಗಳಷ್ಟು ಕುಸಿದು ಮತ್ತೆ ಶೀಘ್ರವಾಗಿ ಮೇಲೇರಿದುದನ್ನು ಹೀಗೆ ಬರೆದಿಟ್ಟ ಅಂಕಿಗಳೇ ತಿಳಿಸುತ್ತವೆ.

2003ರಲ್ಲಿ ತ್ಸುರುತಾನಿ, ಲಖೀನಾ ಮೊದಲಾದವರು ಈ ದಾಖಲೆಯನ್ನು ವಿಶ್ಲೇಷಿಸಿ ಪ್ರಕಟಿಸಿದ ಮೇಲೆ ವಿವಾದವೂ ಹುಟ್ಟಿತು. ಇಷ್ಟು ಕಡಿದಾದ ಕುಸಿತಕ್ಕೆ ಮುಂಬಯಿಯ ಮೇಲಣ ವಾಯುಮಂಡಲದ ವಿದ್ಯುತ್ಪ್ರವಾಹಗಳೂ ಕಾರಣವಾಗಿರಬಹುದು, ಗಂಟೆಯ ಸರಾಸರಿಯನ್ನು ತೆಗೆದರೆ ಅದು ಸುಮಾರು 850ಕ್ಕೆ ಇಳಿಯುತ್ತದೆ ಎಂಬುದು ಕೆಲವರ ಆಕ್ಷೇಪ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು: ಆಕ್ಷೇಪವಿರುವುದು ಅಂಕಿಯ ಅರ್ಥದ ಬಗೆಗೆ, ಬರೆದವರ ಪ್ರಾಮಾಣಿಕತೆಯ ಬಗೆಗಲ್ಲ. 1989ರ ಮಾರ್ಚಿಯಲ್ಲಿ ಕೆನಡದ ಕ್ವಿಬೆಕ್ ಪ್ರಾಂತವನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿ ಮುಳುಗಿಸಿದ ಕ್ಷೋಭೆಯಲ್ಲಿ ಗಂಟೆಯ ಸೂಚ್ಯಂಕ 600ಕ್ಕೂ ಕಡಿಮೆಯಿತ್ತು. ಇಂದಿನ ವಿದ್ಯುಜ್ಜಾಲಗಳನ್ನು ಎಂಥ ಆಘಾತಕ್ಕೆ ಸಿದ್ಧಗೊಳಿಸಬೇಕೆಂದು ಲೆಕ್ಕಹಾಕುವವರು ಆದಕಾರಣ ಕೊಲಾಬಾದ ಪುಟಗಳನ್ನು ತೆರೆಯಲೇಬೇಕಾಗಿದೆ.

ಮುಂಬಯಿಗೆ ವಿದ್ಯುತ್ ಟ್ರಾಮುಗಳು ಬರುವುದು ನಿಶ್ಚಯವಾದಾಗ, ಅವುಗಳ ಪ್ರವಾಹ ಕಾಂತಮಾಪನವನ್ನು ಕೆಡಿಸೀತೆಂದು 1904ರಲ್ಲಿ ಈ ಕಾರ್ಯವನ್ನು ಅಲಿಬಾಗಿನಲ್ಲಿ ಆರಂಭಿಸಲಾಯಿತು. ಅಲ್ಲಿ ಅದು ಇಂದಿಗೂ ನಡೆಯುತ್ತಿದೆ.