ಕಂಬಳಿಗೊಂದು ಕಾನೂನು

ಘಟ್ಟದ ಕೆಳಗಿನಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಿಗೆ ಕೂಲಿಗೆ ಬರುತ್ತಿದ್ದವರಿಗೆ ಹಾಸಿಗೆಯೆಂದರೆ ಚಾಪೆ, ಹೊದಿಕೆಯೆಂದರೆ ಕಂಬಳಿ. ಅದೇ ಕಂಬಳಿ ಹಗಲಿಡೀ ತಲೆ-ಬೆನ್ನು ಮುಚ್ಚುವ ಕೊಪ್ಪೆಯಾಗಿ ಮಳೆ ಹೀರಿ, ಒಲೆಯ ಬುಡದಲ್ಲಿ ಒಣಗಿದಷ್ಟು ಒಣಗಿ ರಾತ್ರಿ ಮೈಮೇಲೆ ಬರುತ್ತಿತ್ತು. ಅಡಿಕೆ ಸುಲಿಯುವ ಕಾಲದಲ್ಲಂತೂ ಅಷ್ಟು ನಿದ್ದೆಯೂ ದುಬಾರಿ: ಮೆಟ್ಟುಗತ್ತಿಯ ಮುಂದೆಯೇ ರಾತ್ರಿ ಸವೆಯುತ್ತಿತ್ತು.

1951ರ ತೋಟ ಕಾರ್ಮಿಕರ ಕಾಯ್ದೆ ವಸತಿಯನ್ನು ಮಾಲೀಕರ ಹೊಣೆಯಾಗಿಸಿತು. ಅದರ 17ನೇ ಸೆಕ್ಷನ್ ಇನ್ನೂ ಸ್ವಾರಸ್ಯಕರ. ಮಳೆ, ಚಳಿಯಿಂದ ರಕ್ಷಣೆಗೆ ಕೊಡೆ, ಕಂಬಳಿ, ರೇನ್‌ಕೋಟ್ ಕೊಡಿಸುವ ನಿಯಮ ರೂಪಿಸಲು ರಾಜ್ಯಗಳಿಗೆ ಅಧಿಕಾರ ಸಿಕ್ಕಿತು. ಹಾಸಿಗೆಯ ಸುದ್ದಿಯಿಲ್ಲ! ದಣಿದ ಬೆನ್ನಿನ ಕೆಳಗೇನಿರಬೇಕೆಂಬುದು ದಿಲ್ಲಿಗೆ ಹೊಳೆಯಲಿಲ್ಲವೇನೋ.

ಮೊದಲಿಗೆ ಕಾಯ್ದೆ ಅನ್ವಯಿಸಿದ್ದು ಕನಿಷ್ಠ 25 ಎಕರೆ ಜಾಗ ಮತ್ತು ಕನಿಷ್ಠ 30 ಕಾರ್ಮಿಕರಿದ್ದ ಟೀ, ಕಾಫಿ, ರಬ್ಬರ್, ಸಿಂಕೋನಾ ತೋಟಗಳಿಗೆ. ಅಡಿಕೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.