ಮುತ್ತಲ ಹೂವಿನ ಕಾಲದಲ್ಲಿ ಬೀದರ ಕೋಟೆ

ಹೋದ ವರ್ಷ ಆಫೀಸಿನಲ್ಲಿ ಪಕ್ಕದ ಸೀಟಿನವನು ಜಪಾನಿಗೆ ಹೋಗಿ ಬಂದು ಹಿರೋಸಾಕಿ ಕೋಟೆಯ ಫೋಟೋ ತೋರಿಸಿದ್ದ. ಸುತ್ತಲೂ ಚೆರ್ರಿ ಹೂವೋ ಹೂವು! "ನಮ್ಮಲ್ಲಿ ಇಂಥದ್ದು ಎಲ್ಲಿದೆ ಮಾರಾಯ?" ಅಂದ. ಆಗ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಈ ಸಲ ಮಾರ್ಚಿನಲ್ಲಿ, ಭಾಲ್ಕಿಯಿಂದ ಬೀದರಿಗೆ ಹೋಗುವ ಬಸ್ಸಿನಲ್ಲಿ.

ಹೋಳಿಗೆಂದು ಗೆಳೆಯನ ಊರು ಭಾಲ್ಕಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಒಂದೆಲೆಯೂ ಇಲ್ಲದ ಮುತ್ತುಗದ ಮರಗಳು, ಮೈತುಂಬ ಕೆಂಡದಂಥ ಹೂವು. ಅಲ್ಲಿಯವರು ಮುತ್ತಲ ಅನ್ನುತ್ತಾರೆ. ಗೆಳೆಯನ ಅಜ್ಜಿ ಔರಾದ ಕಡೆಯವರು. ಅವರು ಸಣ್ಣವರಿದ್ದಾಗ ಈ ಹೂವನ್ನು ಕುದಿಸಿಯೇ ಹೋಳಿಯ ಬಣ್ಣ ಮಾಡುತ್ತಿದ್ದರಂತೆ. ನಾವು ಕೋಟೆಗೆ ಹೊರಟಾಗ "ಕಿಲ್ಲಾದಾಗ ಏನದಪ್ಪಾ ನೋಡ್ಲಾಕ, ಬರೇ ಕಲ್ಲು" ಅಂದು ನಕ್ಕರು.

ಕೋಟೆಯಲ್ಲಿ ಜನವೇ ಇರಲಿಲ್ಲ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ; 1432ರ ಹೊತ್ತಿಗೆ ಕೋಟೆ ಸಿದ್ಧವಾಯಿತು. ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕೊರೆದು ಒಂದರ ಹಿಂದೊಂದು ಮೂರು ಕಂದಕ ತೋಡಿದ್ದಾರೆ. ನಡುನಡುವೆ ಬಂಡೆಯನ್ನು ಗೋಡೆಯಂತೆ ಹಾಗೇ ಬಿಟ್ಟಿದ್ದಾರೆ. ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಕೇಳಿಕೊಂಡ ಮೇಲೆ ಕಾವಲಿನವರು ತೆಗೆದರು. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಇವತ್ತಿಗೂ ಮಿನುಗುತ್ತದೆ.

ಬುರುಜು ಹತ್ತಿ ಕೂತೆವು. ಕೆಳಗೆ ಬಯಲಲ್ಲಿ ಅಲ್ಲಲ್ಲಿ ಅದೇ ಕೆಂಪು. ಆಗ ತಲೆಗೆ ಬಂತು: ಈ ಕೋಟೆ ಬಿದ್ದದ್ದೂ ಮಾರ್ಚಿನಲ್ಲೇ ಅಲ್ಲವೇ!

1619ರಲ್ಲಿ ಬರೀದ್ ಶಾಹಿಗಳಿಂದ ಬೀದರ ಬಿಜಾಪುರದ ಆದಿಲ್ ಶಾಹಿಗಳ ಕೈ ಸೇರಿತ್ತು. 1657ರಲ್ಲಿ ದಖ್ಖನ್ನಿನ ಸುಬೇದಾರನಾಗಿದ್ದ ಶಾಹಜಾದಾ ಔರಂಗಜೇಬ, ಮೀರ್ ಜುಮ್ಲಾನ ಜೊತೆ ಬಂದು ಮುತ್ತಿಗೆ ಹಾಕಿದ. ಒಳಗಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್, ವಯಸ್ಸಾದ ಹಬಶಿ. ಮೊಗಲರು ಕಂದಕದ ಅಂಚಿಗೆ ತೋಪು ತಂದರು, ಕಂದಕ ತುಂಬಿಸತೊಡಗಿದರು. ಮುದುಕ ಬಗ್ಗಲಿಲ್ಲ. ಕೊನೆಗೆ ಮೊಗಲರ ಒಂದು ಅಗ್ನಿಬಾಣ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿತ್ತು. ಮರ್ಜಾನ್ ಮಕ್ಕಳ ಸಮೇತ ಸುಟ್ಟು ಗಾಯಗೊಂಡ. ಗತ್ಯಂತರವಿಲ್ಲದೆ ಮಕ್ಕಳ ಕೈಯಲ್ಲಿ ಕೋಟೆಯ ಬೀಗದ ಕೈ ಕಳಿಸಿದ, ಸ್ವಲ್ಪ ಹೊತ್ತಿನಲ್ಲೇ ಸತ್ತ. ಒಟ್ಟು 27 ದಿನ. ಔರಂಗಜೇಬ ಒಳಗಿನ ಹಳೆಯ ಬಹಮನಿ ಮಸೀದಿಯಲ್ಲಿ ಶಹಜಹಾನನ ಹೆಸರಲ್ಲಿ ಖುತ್ಬಾ ಓದಿಸಿದ. ಊರಿಗೆ ಜಫರಾಬಾದ್ ಅಂತ ಹೊಸ ಹೆಸರಿಟ್ಟರು, ಗೆಲುವಿನ ಊರು ಅಂತ ಅರ್ಥ.

ಆ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ, ಬೀದರ ಬೀದರವಾಗಿಯೇ ಉಳಿದಿದೆ. ಆದರೆ ಮರ್ಜಾನನ ಹೆಸರೂ ಉಳಿಯಲಿಲ್ಲವಲ್ಲ... ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು "ಔರಂಗಜೇಬನು ಬೀದರವನ್ನು ಗೆದ್ದನು" ಅನ್ನುವ ಒಂದೇ ಸಾಲು. ಗೆದ್ದವನಿಗೆ ಸಾಲು ಸಿಗುತ್ತದೆ. 27 ದಿನ ತಡೆದವನಿಗೆ ಅದೂ ಇಲ್ಲ. ಆ 27 ದಿನವೂ ಕೆಳಗಿನ ಬಯಲಲ್ಲಿ ಮುತ್ತಲ ಅರಳಿಯೇ ಇತ್ತೇನೋ. ಬುರುಜಿನ ಮೇಲಿಂದ ಆ ಮುದುಕ ಅದನ್ನು ನೋಡಿರಬಹುದು.

ಸಂಜೆ ಮನೆಗೆ ಬಂದಾಗ ಅಜ್ಜಿ "ಏನ್ ನೋಡ್ದಿ?" ಅಂದರು. ಮರ್ಜಾನನ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಪಾಪ, ಮಕ್ಕಳಿದ್ರಲ್ಲಾ" ಅಂದರು.

ಬೆಂಗಳೂರಿಗೆ ಬಂದು ಪಕ್ಕದ ಸೀಟಿನವನಿಗೆ ನನ್ನ ಫೋಟೋ ತೋರಿಸಿದೆ. ಮುಂದಿನ ಹೋಳಿಗೆ ಅವನೂ ಬರುತ್ತಾನಂತೆ. ನೀವೂ ಹೋಗುವುದಾದರೆ ಮಾರ್ಚಿನಲ್ಲೇ ಹೋಗಿ.