ಜವ್ಹಾರಕ್ಕೆ ಯಾವ ತಿಂಗಳು ಹೋಗೋಣ?

ಮುಂಬೈಯಲ್ಲಿ ಮಳೆಗಾಲದ ಪ್ರವಾಸದ ಮಾತು ಶುರುವಾಗುವುದು ಏಪ್ರಿಲ್ ಸೆಕೆಯಲ್ಲಿ. ಬೆವರು ಒರೆಸಿಕೊಳ್ಳುತ್ತ ಜಲಪಾತದ ಫೋಟೊ ನೋಡುವುದರಲ್ಲೂ ಒಂದು ತಂಪಿದೆ. ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಈ ಸಲ ಎಲ್ಲರದ್ದೂ ಒಂದೇ ರಾಗ: ಲೋನಾವಳಾ ಬೇಡವೇ ಬೇಡ, ಅಲ್ಲಿ ಮಳೆಗಿಂತ ಜನವೇ ಜಾಸ್ತಿ. ಪಾಲ್ಘರ್ ಜಿಲ್ಲೆಯ ಜವ್ಹಾರದ ಹೆಸರು ಬಂತು. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಸಾವಿರ ಅಡಿ ಎತ್ತರ, ಮಂಜು, ಜಲಪಾತ, ವಾರ್ಲಿ ಚಿತ್ರ. ಲೋಕಲ್ ಹಿಡಿದು ಕಸಾರಾಕ್ಕೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಖೋಡಾಲಾ, ಮೊಖಾಡಾ ದಾಟಿದರೆ ಸಿಕ್ಕಿತು. 'ನೀವು ಹೇಗೂ ಇತಿಹಾಸ ಅಂತ ತಲೆ ತಿನ್ನುತ್ತೀರಲ್ಲ ಸರ್, ಎಲ್ಲಿ ಏನು ನೋಡಬೇಕು ಅಂತ ಒಂದು ಪುಟ ಬರೆದು ಹಾಕಿ' ಎಂದು ಹುಡುಗರು ನನಗೆ ಒಪ್ಪಿಸಿದರು. ಆ ಪುಟ ಬರೆಯಲು ಕೂತವನ ಕಥೆ ಇದು.

ಬ್ರಿಟಿಷರ ಕಾಲದ ಗೆಜೆಟಿಯರ್‌ಗಳಲ್ಲಿ ಜವ್ಹಾರದ ಹುಟ್ಟಿನ ಕಥೆ ಇದೆ. ಆ ನೆಲ ಮೊದಲು ಒಬ್ಬ ವಾರ್ಲಿ ನಾಯಕನ ಕೈಯಲ್ಲಿತ್ತು. ಪೌಪೇರಾ ಎಂಬ ಕೋಳಿ ಜನಾಂಗದವನು ಬಂದು, 'ಒಂದು ಎತ್ತಿನ ತೊಗಲು ಮುಚ್ಚುವಷ್ಟು ಜಾಗ ಕೊಡು ಸಾಕು' ಎಂದ. ಅಷ್ಟೇ ತಾನೇ ಎಂದು ವಾರ್ಲಿ ಒಪ್ಪಿದ. ಪೌಪೇರಾ ತೊಗಲನ್ನು ಸಣ್ಣ ಸಣ್ಣ ಪಟ್ಟಿಯಾಗಿ ಸೀಳಿ, ಒಂದಕ್ಕೊಂದು ಗಂಟು ಹಾಕಿ, ಇಡೀ ಸೀಮೆಯನ್ನೇ ಸುತ್ತಿ ತನ್ನದು ಮಾಡಿಕೊಂಡ. ಜಯಬಾ ಎಂದು ಹೆಸರಾದ ರಾಜ ಇವನೇ. ಮಗ ನೇಮ ಶಾಹನಿಗೆ ದೆಹಲಿಯಿಂದ ರಾಜನೆಂಬ ಬಿರುದು ಬಂದದ್ದು 1343ರ ಜೂನ್ 5ರಂದು. ಆ ದಿನದಿಂದಲೇ ಜವ್ಹಾರ ಸಂಸ್ಥಾನ ತನ್ನದೊಂದು ಶಕೆಯನ್ನು ಎಣಿಸಿತು. ತೊಗಲಿನ ಕಥೆ ಹೊಸದೇನಲ್ಲ, ಕಾರ್ಥೇಜಿನ ರಾಣಿ ಡೈಡೋ ಬಗ್ಗೆಯೂ ಇದನ್ನೇ ಹೇಳುತ್ತಾರೆ. ಆದರೆ ಗೆದ್ದವರೇ ಇದನ್ನು ತಮ್ಮ ಜಾಣತನವೆಂದು ಹೇಳಿಕೊಂಡು ಬಂದಿದ್ದಾರೆ ಎನ್ನುವುದು ನನಗೆ ವಿಚಿತ್ರವಾಗಿ ಕಂಡಿತು. ಸೋತ ವಾರ್ಲಿಗೆ ಕಥೆಯಲ್ಲಿ ಹೆಸರೂ ಇಲ್ಲ.

ಮುಕಣೆ ಮನೆತನದ ಆಳ್ವಿಕೆ 1948ರಲ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರುವವರೆಗೂ ನಡೆಯಿತು. ಅವರ ಜಯವಿಲಾಸ ಅರಮನೆ, ಸೂರತ್ತಿಗೆ ಹೊರಟ ಶಿವಾಜಿ ತಂಗಿದ್ದನೆಂದು ಊರವರು ತೋರಿಸುವ ಶಿರ್ಪಾಮಾಳ, ದಾಭೋಸಾ ಜಲಪಾತ, ಇವೆಲ್ಲ ನನ್ನ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದವು. ಪ್ರವಾಸಿಗೆ ಅಷ್ಟು ಸಾಕು.

ಮುಗಿಯದೇ ಉಳಿದದ್ದು ವಾರ್ಲಿಗಳ ಪಾಲು. ಜವ್ಹಾರದ ಪಶ್ಚಿಮಕ್ಕೆ, ಡಹಾಣೂ–ಉಂಬರಗಾಂವ್ ಕಡೆ, 1945ರವರೆಗೂ ಜಮೀನುದಾರರ ಹೊಲದಲ್ಲಿ ಬಿಟ್ಟಿ ಚಾಕರಿ ನಡೆಯುತ್ತಿತ್ತು. ಅದಕ್ಕೆ ಅಲ್ಲಿನ ಹೆಸರು ವೇಠ್. ಅದಕ್ಕಿಂತ ಕ್ರೂರವಾದದ್ದು ಲಗ್ನಗಡಿ. ಮದುವೆಗೆಂದು ಸಾಹುಕಾರನ ಹತ್ತಿರ ಸಾಲ ಮಾಡಿದ ಹುಡುಗ, ಕಟ್ಟಿಕೊಂಡ ಹೆಂಡತಿಯ ಸಮೇತ ಅವನ ಮನೆಯ ಜೀತಕ್ಕೆ ಬೀಳುತ್ತಿದ್ದ. ಸಾಲ ಎಂದೂ ತೀರುತ್ತಿರಲಿಲ್ಲ. ಇದನ್ನು ಸರ್ಕಾರ ಅರಿಯದೇ ಇದ್ದದ್ದಲ್ಲ: 1930ರ ದಶಕದ ಕೊನೆಗೆ ಸಿಮಿಂಗ್ಟನ್ ಎಂಬ ಐಸಿಎಸ್ ಅಧಿಕಾರಿ ಎಲ್ಲವನ್ನೂ ವರದಿ ಮಾಡಿದ್ದ.

ಗಣಪತಿ ದರ್ಶನಕ್ಕೆಂದು ನಾವು ಇಳಿಯುವ ಟಿಟ್ವಾಲಾದಲ್ಲಿ 1945ರ ಜನವರಿಯಲ್ಲಿ ಕಿಸಾನ್ ಸಭೆಯ ಸಮ್ಮೇಳನ ನಡೆಯಿತು. ವಾರ್ಲಿಗಳೂ ಬಂದಿದ್ದರು. ಮುಂದೆ ಗೋದಾವರಿ ಪರುಳೇಕರ್ ಮತ್ತು ಅವರ ಪತಿ ಶಾಮರಾವ್ ಆ ಕಾಡಿನ ಊರುಗಳಿಗೇ ಹೋದರು. ಮೇ ತಿಂಗಳಲ್ಲಿ ಝರಿ ಎಂಬ ಹಳ್ಳಿಯಲ್ಲಿ ಸಾವಿರಾರು ಜನ ಸೇರಿ, ಇನ್ನು ಬಿಟ್ಟಿ ಮಾಡುವುದಿಲ್ಲ ಎಂದರು. ಮಳೆ ಮುಗಿದ ಮೇಲೆ ಹುಲ್ಲು ಕೊಯ್ಯುವ ಕೂಲಿಗಾಗಿ ಮುಷ್ಕರ: ಐನೂರು ಪೌಂಡು ಹುಲ್ಲಿಗೆ ಎರಡೂವರೆ ರೂಪಾಯಿ ಕೊಡಿ ಎಂಬ ಬೇಡಿಕೆ. ಆ ಹುಲ್ಲು ಹೋಗುತ್ತಿದ್ದದ್ದು ಎಲ್ಲಿಗೆ? ಮುಂಬೈಗೆ, ಇಲ್ಲಿನ ದನಗಳಿಗೆ, ಕುದುರೆಗಳಿಗೆ. ಅಕ್ಟೋಬರ್ 10ರಂದು ತಲವಾಡಾದಲ್ಲಿ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಅವರಲ್ಲಿ ಒಬ್ಬನ ಹೆಸರು ಜೇಠ್ಯಾ ಗಾಂಗಡ. ಗೋದಾವರಿಯವರು ಈ ದಿನಗಳನ್ನು ಕುರಿತು ಮರಾಠಿಯಲ್ಲಿ ಬರೆದ 'ಜೇವ್ಹಾ ಮಾಣೂಸ್ ಜಾಗಾ ಹೋತೋ' ಪುಸ್ತಕಕ್ಕೆ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರಾಠಿ ತಡವರಿಸಿ ಓದುವವರೂ ಓದಬಹುದಾದ ಪುಸ್ತಕ.

ನಮ್ಮ ಗುಂಪಿನ ಪಟ್ಟಿಯಲ್ಲಿ 'ವಾರ್ಲಿ ಪೇಂಟಿಂಗ್ ಖರೀದಿ' ಎಂದೂ ಇತ್ತು. ಗೇರು ಬಳಿದ ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಈ ಚಿತ್ರ ಮೂಲತಃ ಮದುವೆಯದು. ಮದುವೆಮನೆಯ ಗೋಡೆಯಲ್ಲಿ ಮುತ್ತೈದೆಯರು ಚೌಕ ಬರೆದು, ನಡುವೆ ಪಾಲಘಟ ದೇವಿಯನ್ನು ಕೂರಿಸದೆ ಮದುವೆ ಆಗುವಂತಿರಲಿಲ್ಲ. 1970ರ ದಶಕದಲ್ಲಿ ಭಾಸ್ಕರ ಕುಲಕರ್ಣಿ ಎಂಬ ಕಲಾವಿದ ಅವರಿಗೆ ಕಾಗದ ಕೊಟ್ಟ ಮೇಲೆ ಡಹಾಣೂ ಕಡೆಯ ಜಿವ್ಯಾ ಸೋಮಾ ಮಾಶೆಯಂಥವರು ಅದನ್ನು ಜಗತ್ತಿಗೆ ತೋರಿಸಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಆ ಚೌಕ ನಮ್ಮ ಆಫೀಸಿನ ಕ್ಯಾಂಟೀನ್ ಗೋಡೆಯ ಮೇಲೂ ಇದೆ. ಅದೇ ಮದುವೆಯ ಸಾಲಕ್ಕೆ ಜೀವಮಾನ ಒತ್ತೆ ಬಿದ್ದವರ ಚಿತ್ರ ಅದು ಎಂದು ನಾನು ಅಷ್ಟು ವರ್ಷ ಅದರ ಕೆಳಗೆ ಚಹಾ ಕುಡಿದರೂ ಗೊತ್ತಿರಲಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಪ್ರವಾಸ ಜುಲೈಗೇ ನಿಂತಿರುತ್ತಿತ್ತು. ಆದರೆ ಅದೇ ವಾರ ಪೇಪರಿನಲ್ಲಿ ಕೆರೆಗಳ ನೀರಿನ ಮಟ್ಟ ಬಂತು. ಮುಂಬೈ ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರನ್ನು ಏಳು ಕೆರೆಗಳಿಂದ ಎಳೆಯುತ್ತದೆ. ವಿಹಾರ, ತುಳಸಿ ಎರಡು ಮಾತ್ರ ಊರೊಳಗಿನವು. 1892ರ ತಾನಸಾ, 1957ರ ಮೋಡಕ್ ಸಾಗರ, ಆಮೇಲಿನ ಅಪ್ಪರ್ ವೈತರಣಾ ಮತ್ತು ಭಾತಸಾ, 2014ರ ಮಧ್ಯ ವೈತರಣಾ, ಎಲ್ಲವೂ ನಾವು ಮಳೆ ನೋಡಲು ಹೊರಟ ಅದೇ ಗುಡ್ಡಗಳ ನೀರು. ಮಧ್ಯ ವೈತರಣಾ ಅಣೆಕಟ್ಟು ಮೊಖಾಡಾ ತಾಲ್ಲೂಕಿನಲ್ಲೇ ಇದೆ. ನಮ್ಮ ಜೀಪು ಹೋಗುವುದು ಆ ತಾಲ್ಲೂಕಿನ ಮೇಲೆಯೇ. ಆ ತಾಲ್ಲೂಕಿನ ಪಾಡಾಗಳಲ್ಲಿ ಬೇಸಿಗೆ ಬಂದರೆ ಹೆಂಗಸರು ಬತ್ತಿದ ಬಾವಿಯ ಸುತ್ತ ಟ್ಯಾಂಕರಿಗೆ ಕಾಯುತ್ತಾರೆ. 1992ರಲ್ಲಿ ಜವ್ಹಾರ ತಾಲ್ಲೂಕಿನ ವಾವರ್-ವಾಂಗಣಿಯಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸತ್ತಾಗ ದೇಶವೇ ಒಮ್ಮೆ ಆ ಕಡೆ ತಿರುಗಿ ನೋಡಿತ್ತು. ನಾನಿರುವ ಮುಲುಂಡಿನಲ್ಲಿ ತಾನಸಾದ ದಪ್ಪ ಕೊಳವೆಗಳನ್ನು ದಿನಾ ದಾಟುತ್ತೇನೆ. ಈಗ ಅವನ್ನು ಕಂಡಾಗಲೆಲ್ಲ ಸೀಳಿ ಗಂಟು ಹಾಕಿದ ಆ ತೊಗಲಿನ ಪಟ್ಟಿ ನೆನಪಾಗುತ್ತದೆ.

ಇದು ನನ್ನನ್ನು ತಟ್ಟಲು ಮನೆಯ ಕಾರಣವೂ ಇದೆ. ನನ್ನ ಅಜ್ಜಿ ಸಾಗರ ಸೀಮೆಯ ಮುಳುಗಡೆಯವಳು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅವಳ ತವರು ನೀರಡಿ ಹೋಯಿತು. ಆ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರಿಗೆ ಹೋಯಿತು, ಅವಳು ಬಹಳ ವರ್ಷ ಚಿಮಣಿ ದೀಪದಲ್ಲೇ ಅಡಿಗೆ ಮಾಡಿದಳು. ಜೋಗ ನೋಡಲು ಬಸ್ಸು ಮಾಡಿಕೊಂಡು ಬರುವವರನ್ನು ಕಂಡರೆ ಅವಳಿಗೆ ಸಿಟ್ಟಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದಳು: 'ಇವರು ಬ್ಯಾಸಿಗೇಲಿ ಒಂದ್ಸಲ ಬರ್ಲಿ ಮಾರಾಯ.'

ಪುಟವನ್ನು ಗುಂಪಿಗೆ ಹಾಕಿ, ಜುಲೈ ಬಿಟ್ಟು ಮೇ ಎರಡನೇ ವಾರ ಹೋಗೋಣ ಎಂದೆ. ಮೊದಲು ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ನಗುವ ಮುಖಗಳು ಬಂದವು. 'ಸರ್, ಬೋಳು ಗುಡ್ಡ ನೋಡೋಕೆ ರಜೆ ಹಾಕ್ಬೇಕಾ?' ಎಂದೊಬ್ಬ. ಇನ್ನೊಬ್ಬರ ಪ್ರಶ್ನೆ ಸರಿಯಾದದ್ದೇ: ಬಡತನ ನೋಡಲು ಹೋಗುವುದು ಜಲಪಾತ ನೋಡುವುದಕ್ಕಿಂತ ಯಾವ ರೀತಿ ಮೇಲು? ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ. ಕುಡಿಯುವ ನೀರು ಹೊರಡುವ ಜಾಗ ನೋಡಬೇಕೆನಿಸಿದೆ, ಅಷ್ಟೇ ಎಂದೆ.

ಕೊನೆಗೆ ಎಂಟು ಜನ ಜುಲೈಗೆ ಉಳಿದರು. ಮೇ ತಿಂಗಳಿಗೆ ನಾವು ಮೂವರು: ನಾನು, ಬಡಗು ಕರ್ನಾಟಕದಿಂದ ಬಂದಿರುವ ಒಬ್ಬ ಸಿವಿಲ್ ಇಂಜಿನಿಯರ್, ಕಲೀನಾ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುವ ಹುಡುಗಿ. ಬೆಳಗಿನ ಮೊದಲ ಕಸಾರಾ ಲೋಕಲ್ ಹಿಡಿಯುವುದೆಂದು ಮಾಡಿದ್ದೇವೆ. ಸಾಮಾನಿನ ಪಟ್ಟಿಯನ್ನು ಆ ಹುಡುಗಿಯೇ ಬರೆದಳು. ಮೊದಲನೆಯದು: ಒಬ್ಬೊಬ್ಬರು ಐದೈದು ಲೀಟರ್ ನೀರು ಮನೆಯ ನಳದಲ್ಲೇ ತುಂಬಿಕೊಂಡು ಬರುವುದು, ಅಲ್ಲಿ ಯಾರ ಮನೆಯಲ್ಲೂ ಕೇಳಬಾರದು.